ನೋರಾಳ ಚೀಲದಲ್ಲಿ ಏನಿತ್ತು?

ಚೀನಾದ ಶಾವೊಶಿಂಗ್ ಪಕ್ಕದ ಕೆಚಿಯಾವ್‌ನಲ್ಲಿ ನಾವು ಮೂರು ವರ್ಷ ಇದ್ದೆವು. ಅಲ್ಲಿಗೆ ಬರುವ ಹೊರಗಿನವರೆಲ್ಲ ಬಟ್ಟೆಯ ಕೆಲಸಕ್ಕೇ ಬರುತ್ತಾರೆ. ನನ್ನ ಗಂಡನೂ ಹಾಗೇ ಬಂದದ್ದು. ಮೊದಲ ಎಂಟು ತಿಂಗಳು ನನಗೆ ಕೆಲಸ ಇರಲಿಲ್ಲ. ಅಲ್ಲಿ ಸೊಪ್ಪು ಕೊಳ್ಳಬೇಕಾದರೂ ಹೆಚ್ಚಾಗಿ ಫೋನಿನಲ್ಲೇ ದುಡ್ಡು ಕೊಡುವುದು. ನನ್ನ ಹೆಸರಲ್ಲಿ ಬ್ಯಾಂಕ್ ಖಾತೆ ಇರಲಿಲ್ಲ. ಹಾಗಾಗಿ ಗಂಡ ಬೆಳಗ್ಗೆ ಹೊರಡುವ ಮುಂಚೆ ವೀಚಾಟ್‌ನಲ್ಲಿ ಐವತ್ತೋ ನೂರೋ ಯುವಾನ್ ಕಳಿಸಿ ಹೋಗುತ್ತಿದ್ದರು. ಅವರು ಒಂದು ದಿನವೂ ಲೆಕ್ಕ ಕೇಳಿದವರಲ್ಲ. ಆದರೂ ಕಳಿಸಲು ಮರೆತ ದಿನ ನಾನು ಮೆಸೇಜ್ ಮಾಡಿ ಕೇಳಬೇಕಿತ್ತಲ್ಲ, ಆಗ ಬೆರಳು ತಡವರಿಸುತ್ತಿತ್ತು. ಹತ್ತು ಸಲ ಟೈಪ್ ಮಾಡಿ ಅಳಿಸುತ್ತಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು. ಅಲ್ಲಿ ಟೀಚರಿಗೆ ಲಾವ್‌ಶಿ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರ ಮೊಮ್ಮಗನಿಗೆ ನಾನು ಇಂಗ್ಲಿಷ್ ಹೇಳಿಕೊಡುವುದು, ನನಗೆ ಅವರು ಚೀನೀ ಭಾಷೆ ಹೇಳಿಕೊಡುವುದು. ಸ್ವಲ್ಪ ಓದಲು ಬಂದ ಮೇಲೆ ಅವರು ಪಾಠದ ಪುಸ್ತಕ ಬದಿಗಿಟ್ಟರು. 'ನೀನಿರುವುದು ಲು ಷುನ್ ಊರಲ್ಲಿ. ಅವರನ್ನೇ ಓದು' ಎಂದರು. ಶಾವೊಶಿಂಗ್ ಚೀನಾದ ಹೆಸರಾಂತ ಲೇಖಕ ಲು ಷುನ್ 1881ರಲ್ಲಿ ಹುಟ್ಟಿದ ಊರು.

ಅವರು ಮೊದಲು ಓದಿಸಿದ್ದು ಕಥೆಯನ್ನಲ್ಲ, ಒಂದು ಭಾಷಣವನ್ನು. 1923ರ ಡಿಸೆಂಬರ್ 26ರಂದು ಬೀಜಿಂಗ್‌ನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಲು ಷುನ್ ಮಾಡಿದ ಭಾಷಣ. 'ನೋರಾ ಮನೆ ಬಿಟ್ಟು ಹೋದ ಮೇಲೆ ಏನಾಗುತ್ತದೆ?' ಎಂಬುದು ವಿಷಯ. ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಗೊಂಬೆ ಮನೆ' ನಾಟಕದ ನೋರಾ. ಗಂಡನಿಗೆ ತಾನೊಂದು ಗೊಂಬೆ ಅಷ್ಟೇ ಎಂದು ಗೊತ್ತಾದ ದಿನ ಬಾಗಿಲು ಹಾಕಿಕೊಂಡು ಹೊರಟು ಹೋಗುವವಳು. 1918ರಲ್ಲಿ 'ಹೊಸ ಯುವಕ' ಪತ್ರಿಕೆ ಇಬ್ಸೆನ್ ಬಗ್ಗೆಯೇ ಒಂದು ಸಂಚಿಕೆ ತಂದು ಈ ನಾಟಕವನ್ನು ಚೀನೀ ಭಾಷೆಯಲ್ಲಿ ಅಚ್ಚು ಹಾಕಿತ್ತು. ಅಲ್ಲಿಂದ ಮುಂದೆ ಓದಿದ ಹುಡುಗಿಯರಿಗೆಲ್ಲ ನೋರಾ ಎಂದರೆ ಪ್ರಾಣ. ಅಪ್ಪ ಗೊತ್ತು ಮಾಡಿದ ಮದುವೆ ಬೇಡ ಎಂದು ಮನೆ ಬಿಡುವುದೇ ಹೊಸ ಕಾಲದ ಗುರುತು. ಹು ಶಿ 1919ರಲ್ಲಿ ಬರೆದ ಪುಟ್ಟ ನಾಟಕವೂ ಹುಡುಗಿ ಮನೆ ಬಿಟ್ಟು ಹೊರಡುವಲ್ಲಿಗೇ ಮುಗಿಯುತ್ತದೆ. ಅವಳನ್ನು ಪ್ರೀತಿಸಿದವನ ಕಾರು ಹೊರಗೆ ಕಾಯುತ್ತಿರುತ್ತದೆ.

ಆ ಹುಡುಗಿಯರ ಮುಂದೆ ನಿಂತು ಲು ಷುನ್ ಚಪ್ಪಾಳೆ ಗಿಟ್ಟಿಸುವ ಮಾತಾಡಲಿಲ್ಲ. ನೋರಾಳಿಗೆ ಉಳಿಯುವುದು ಎರಡೇ ದಾರಿ, ಕೆಡುವುದು ಇಲ್ಲವೇ ಮನೆಗೆ ವಾಪಸ್ ಬರುವುದು ಎಂದರು. ಉಪವಾಸ ಬಿದ್ದು ಸಾಯುವುದು ಇನ್ನೊಂದು, ಆದರೆ ಅದನ್ನು ದಾರಿ ಅನ್ನಲು ಬರುವುದಿಲ್ಲ ಎಂದರು. ಆಮೇಲೆ ಕೇಳಿದರು: ಎಚ್ಚೆತ್ತ ಮನಸ್ಸು ಬಿಟ್ಟರೆ ಅವಳು ಇನ್ನೇನು ತೆಗೆದುಕೊಂಡು ಹೋದಳು? ನಿಮ್ಮ ಹಾಗೆ ನೇರಳೆಗೆಂಪು ಉಲ್ಲನ್ ಮಫ್ಲರ್ ಒಂದೇ ಇದ್ದರೆ, ಅದು ಎರಡಡಿ ಅಗಲ ಇರಲಿ ಮೂರಡಿ ಅಗಲ ಇರಲಿ, ಏನೂ ಪ್ರಯೋಜನ ಇಲ್ಲ. ಚೀಲದಲ್ಲಿ ಬೇರೇನೋ ಇರಬೇಕು. ನೇರವಾಗಿ ಹೇಳುವುದಾದರೆ, ದುಡ್ಡು.

ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೂರು ವರ್ಷದ ಹಿಂದೆ ಆ ಮಫ್ಲರ್‌ನ ಬಣ್ಣ ನೋಡಿ, ಅಗಲ ನೋಡಿ, ಅದನ್ನು ಹೊದ್ದ ಹುಡುಗಿ ಚಳಿಯಲ್ಲಿ ಎಲ್ಲಿಗೆ ಹೋಗುತ್ತಾಳೆ ಎಂದು ಯೋಚಿಸಿದ ಮನುಷ್ಯ! ಸ್ವಾತಂತ್ರ್ಯವನ್ನು ದುಡ್ಡು ಕೊಟ್ಟು ಕೊಳ್ಳಲಾಗದು, ಆದರೆ ದುಡ್ಡಿಗಾಗಿ ಅದನ್ನು ಮಾರಿಕೊಳ್ಳಬೇಕಾಗಿ ಬರಬಹುದು ಎಂದೂ ಅವರು ಹೇಳಿದ್ದಾರೆ. ಈ ಮಾತನ್ನು ಲಾವ್‌ಶಿ ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ಕೈಯಲ್ಲೇ ಬರೆದುಕೊಟ್ಟರು. ಮುಂದಿನ ತಿಂಗಳೇ ನಾನು ಒಂದು ಬಟ್ಟೆ ಏಜೆನ್ಸಿಯಲ್ಲಿ ಥಾನು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿಕೊಂಡೆ. ದೀಪ ಹಾಕಿದ ಗಾಜಿನ ಮೇಲೆ ಬಟ್ಟೆ ಸರಿಯುತ್ತಾ ಹೋಗುತ್ತದೆ. ಎಳೆ ತಪ್ಪಿದ ಕಡೆ ಚೀಟಿ ಅಂಟಿಸಬೇಕು. ಮೊದಲ ಸಂಬಳ ನನ್ನ ಹೆಸರಿನ ಖಾತೆಗೇ ಬಂತು.

ಅಲ್ಲಿಂದ ಮುಂದೆ ಚೀನಾದ ಯಾವ ಕಥೆ ಓದಿದರೂ ನಾನು ನೋಡುವುದು ಒಂದನ್ನೇ. ಈ ಹೆಣ್ಣಿನ ಕೈಯಲ್ಲಿ ಎಷ್ಟಿದೆ? ಅದನ್ನು ಯಾರು ಎಣಿಸುತ್ತಾರೆ?

ಲು ಷುನ್ 1924ರಲ್ಲಿ ಬರೆದ 'ಹೊಸ ವರ್ಷದ ಪೂಜೆ' ಕಥೆಯನ್ನೇ ನೋಡಿ. ಅದರಲ್ಲಿ ಬರುವವಳಿಗೆ ಸ್ವಂತ ಹೆಸರೂ ಇಲ್ಲ, ಶಿಯಾಂಗ್‌ಲಿನ್‌ನ ಹೆಂಡತಿ ಅಂತಲೇ ಎಲ್ಲರೂ ಕರೆಯುವುದು. ವಿಧವೆ. ಅತ್ತೆಯಿಂದ ತಪ್ಪಿಸಿಕೊಂಡು ಬಂದು ಒಂದು ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ತಿಂಗಳಿಗೆ 500 ಕಾಸು. ಗಂಡಾಳಿಗೂ ಮೀರಿ ದುಡಿಯುತ್ತಾಳೆ. ಮುಖದಲ್ಲಿ ಸ್ವಲ್ಪ ನಗು, ಸ್ವಲ್ಪ ಕಳೆ ಬರುತ್ತದೆ. ಅಷ್ಟರಲ್ಲಿ ಅತ್ತೆ ಬಂದು ಎಳೆದುಕೊಂಡು ಹೋಗುತ್ತಾಳೆ. ಕೂಡಿಟ್ಟಿದ್ದ 1750 ಕಾಸನ್ನೂ ಯಜಮಾನರು ಅತ್ತೆಯ ಕೈಗೇ ಎಣಿಸಿ ಕೊಡುತ್ತಾರೆ. ಅವಳು ಅದರಲ್ಲಿ ಒಂದು ಕಾಸೂ ಮುಟ್ಟಿರಲಿಲ್ಲ. ಆಮೇಲೆ ಅತ್ತೆ ಅವಳನ್ನು 80,000 ಕಾಸಿಗೆ ಬೆಟ್ಟದ ಊರಿನವನಿಗೆ ಮಾರುತ್ತಾಳೆ. ಆ ದುಡ್ಡಿನಲ್ಲಿ 50,000 ಕಿರಿ ಮಗನ ಹೆಂಡತಿಗೆ ತೆರ ಕೊಡಲು ಹೋಗುತ್ತದೆ. ಮದುವೆ ಖರ್ಚು ಕಳೆದು ಹತ್ತು ಸಾವಿರಕ್ಕೂ ಜಾಸ್ತಿ ಕೈಯಲ್ಲುಳಿಯುತ್ತದೆ. ಎಂಥ ಜಾಣ ಅತ್ತೆ ಎಂದು ಊರು ಮೆಚ್ಚುತ್ತದೆ.

ಎರಡನೇ ಗಂಡ ಜ್ವರದಲ್ಲಿ ಹೋಗುತ್ತಾನೆ. ಮಗುವನ್ನು ತೋಳ ತಿನ್ನುತ್ತದೆ. ಅವಳು ಹಳೆಯ ಮನೆಗೇ ಕೆಲಸಕ್ಕೆ ವಾಪಸ್ ಬರುತ್ತಾಳೆ. ಎರಡು ಮದುವೆಯಾದವಳು ಮೈಲಿಗೆ ಎಂದು ಪೂಜೆಯ ಪಾತ್ರೆ ಮುಟ್ಟಲು ಬಿಡುವುದಿಲ್ಲ. ಸತ್ತ ಮೇಲೆ ಇಬ್ಬರು ಗಂಡಂದಿರೂ ನಿನಗಾಗಿ ಜಗಳ ಆಡುತ್ತಾರೆ, ಯಮ ನಿನ್ನನ್ನು ಗರಗಸದಲ್ಲಿ ಸೀಳಿ ಹಂಚುತ್ತಾನೆ ಎಂದು ಜೊತೆ ಕೆಲಸದವಳು ಹೆದರಿಸುತ್ತಾಳೆ. ಪರಿಹಾರವನ್ನೂ ಅವಳೇ ಹೇಳುತ್ತಾಳೆ: ಗುಡಿಗೆ ಒಂದು ಹೊಸ್ತಿಲು ಕೊಡು, ಸಾವಿರ ಜನ ತುಳಿದು ದಾಟಲಿ, ಅದೇ ನಿನ್ನ ಬದಲಿಗೆ. ಹೊಸ್ತಿಲಿನ ಬೆಲೆ 12,000 ಕಾಸು. ಅವಳು ಸುಮಾರು ಒಂದು ವರ್ಷ ಯಾರ ಜೊತೆಗೂ ಮಾತಿಲ್ಲದೆ ದುಡಿಯುತ್ತಾಳೆ. ಸಂಬಳವನ್ನೆಲ್ಲ ತೆಗೆದು 12 ಬೆಳ್ಳಿ ನಾಣ್ಯ ಮಾಡಿಸಿ ಊರಿನ ಪಡುವಣ ತುದಿಗೆ ಹೋಗಿ ಕೊಟ್ಟು ಬರುತ್ತಾಳೆ. ಬಂದಾಗ ಅವಳ ಕಣ್ಣಿನಲ್ಲಿ ಬೆಳಕು. ಪೂಜೆಯ ದಿನ ಧೈರ್ಯವಾಗಿ ಬಟ್ಟಲು, ಚಾಪ್‌ಸ್ಟಿಕ್ಸ್ ಎತ್ತಲು ಕೈ ಹಾಕುತ್ತಾಳೆ. ಮನೆಯಾಕೆ ಗಾಬರಿಯಿಂದ ಕೂಗುತ್ತಾಳೆ: 'ಅದನ್ನು ಅಲ್ಲೇ ಬಿಡು!'

ಬೆಂಕಿ ತಾಗಿದವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಳು ಎಂದು ಬರೆದಿದ್ದಾರೆ. ತೋಳ, ಜ್ವರ ಯಾವುದೂ ಅವಳನ್ನು ಕೊಲ್ಲಲಿಲ್ಲ. ಈ ಒಂದು ಮಾತು ಕೊಂದಿತು. ದುಡಿದ ದುಡ್ಡು ಕೊನೆಗೂ ಅವಳ ಕೈಯಲ್ಲೇ ಇತ್ತು, ಆದರೆ ಅದರಲ್ಲಿ ಕೊಳ್ಳಲು ಅವಳಿಗೆ ಸಿಕ್ಕಿದ್ದು ತನ್ನನ್ನು ತುಳಿಯುವ ಒಂದು ಹೊಸ್ತಿಲು.

ಮರುವರ್ಷ, 1925ರಲ್ಲಿ, ಅವರು 'ಕಳೆದದ್ದಕ್ಕೆ ಕೊರಗು' ಬರೆದರು. ಇದರ ಝಿಜುನ್ ಓದಿದ ಹುಡುಗಿ, ನಿಜವಾದ ಚೀನೀ ನೋರಾ. 'ನಾನು ನನ್ನವಳು. ನನ್ನ ವಿಷಯದಲ್ಲಿ ತಲೆ ಹಾಕುವ ಹಕ್ಕು ಅವರ್ಯಾರಿಗೂ ಇಲ್ಲ' ಎಂದು ಹೇಳಿ ಪ್ರೀತಿಸಿದವನ ಜೊತೆ ಬರುತ್ತಾಳೆ. ಮನೆ ಮಾಡುತ್ತಾರೆ, ಕೋಳಿ ಸಾಕುತ್ತಾರೆ, ಒಂದು ನಾಯಿಮರಿ ಬರುತ್ತದೆ. ಅವನ ಕೆಲಸ ಹೋಗುತ್ತದೆ. ಕೋಳಿಗಳು ಒಂದೊಂದಾಗಿ ಊಟಕ್ಕಾಗುತ್ತವೆ, ನಾಯಿಯನ್ನು ಊರಾಚೆ ಬಿಟ್ಟು ಬರುತ್ತಾನೆ. ಒಂದು ದಿನ ಅವನು 'ಈಗ ನಿನ್ನ ಮೇಲೆ ಪ್ರೀತಿ ಇಲ್ಲ' ಎಂದುಬಿಡುತ್ತಾನೆ. ಸುಳ್ಳು ಹೇಳಬಾರದು, ಸತ್ಯವೇ ದೊಡ್ಡದು ಎಂಬುದು ಅವನ ಸಮಾಧಾನ. ಒಂದು ಸಂಜೆ ಅವನು ಮನೆಗೆ ಬಂದರೆ ಝಿಜುನ್ ಇಲ್ಲ. ಅವಳ ಅಪ್ಪ ಬಂದು ಕರೆದುಕೊಂಡು ಹೋಗಿದ್ದಾರೆ. ಒಂದು ಚೀಟಿಯಾದರೂ ಬರೆದಿಟ್ಟಿದ್ದಾಳಾ ಎಂದು ಹುಡುಕುತ್ತಾನೆ. ಚೀಟಿ ಇಲ್ಲ. ಉಪ್ಪು, ಒಣಮೆಣಸಿನಕಾಯಿ, ಹಿಟ್ಟು, ಅರ್ಧ ಕೋಸು, ಇವನ್ನೆಲ್ಲ ಒಂದೇ ಕಡೆ ಸೇರಿಸಿ ಇಟ್ಟಿದ್ದಾಳೆ. ಪಕ್ಕದಲ್ಲಿ ಹತ್ತಾರು ತಾಮ್ರದ ನಾಣ್ಯ.

ಆ ಮನೆಯಲ್ಲಿ ಇದ್ದದ್ದೇ ಅಷ್ಟು. ಅಷ್ಟನ್ನೂ ಅವನಿಗೇ ಬಿಟ್ಟು ಹೋದಳು. ಅವನು ನಾಲ್ಕು ದಿನ ಜಾಸ್ತಿ ಬದುಕಲಿ ಅಂತ. ಮನೆಗೆ ವಾಪಸ್ ಹೋದವಳು ಅಲ್ಲಿ ಬದುಕಿ ಉಳಿಯಲಿಲ್ಲ.

ಈ ಪ್ಯಾರಾ ಓದುವಾಗ ನನ್ನ ಗಂಟಲು ಕಟ್ಟಿತು. ಲಾವ್‌ಶಿ ಪುಸ್ತಕ ಮುಚ್ಚಿ ಕೇಳಿದರು: 'ಇಡೀ ಕಥೆಯನ್ನು ಯಾರು ಹೇಳುತ್ತಿದ್ದಾರೆ ನೋಡಿದೆಯಾ?' ಹೌದು, ಅವನೇ. ಕೊರಗುವವನೂ ಅವನೇ, ಕ್ಷಮೆ ಕೇಳುವವನೂ ಅವನೇ. ಆ ನಾಣ್ಯಗಳನ್ನು ಎಣಿಸಿ ಇಡುವಾಗ ಝಿಜುನ್ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಲು ಷುನ್ ಬೇಕೆಂದೇ ಹಾಗೆ ಬರೆದರು ಎಂದು ನಾನು ನಂಬುತ್ತೇನೆ. ಆದರೂ ಅವಳ ಬಾಯಿಂದ ಕೇಳಬೇಕು ಎಂಬ ಆಸೆ ಉಳಿದೇ ಇತ್ತು.

ಅದು ತೀರಿದ್ದು ಡಿಂಗ್ ಲಿಂಗ್ ಓದಿದಾಗ. 1928ರ ಫೆಬ್ರವರಿಯಲ್ಲಿ 'ಮಿಸ್ ಸೋಫಿಯಾಳ ದಿನಚರಿ' ಅಚ್ಚಾಯಿತು. ಬರೆದವಳಿಗೆ ಆಗ 23 ವರ್ಷ. ಬೀಜಿಂಗ್‌ನ ಬಾಡಿಗೆ ಕೋಣೆಯಲ್ಲಿ ಕ್ಷಯದ ಹುಡುಗಿಯೊಬ್ಬಳು, ಹೊರಗೆ ಗಾಳಿ, ಬೇರೇನೂ ಕೆಲಸವಿಲ್ಲದೆ ಒಲೆಯ ಮೇಲೆ ಹಾಲನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಾ ಕೂತಿದ್ದಾಳೆ. ತನ್ನನ್ನು ಪ್ರೀತಿಸಿ ಅಳುವ ಒಳ್ಳೆಯ ಹುಡುಗನನ್ನು ಕಂಡರೆ ಅವಳಿಗೆ ಬೇಸರ. ಸಿಂಗಾಪುರದಿಂದ ಬಂದ ಚೆಲುವನ ತುಟಿ ನೋಡಿದರೆ ಆಸೆ. ಅವನೊಳಗೆ ಏನೂ ಇಲ್ಲ ಎಂಬುದೂ ಅವಳಿಗೆ ಗೊತ್ತು. ಆಸೆಯನ್ನೂ ನಾಚಿಕೆಯನ್ನೂ 'ನಾನು' ಎಂದು ಶುರುಮಾಡಿ ಅವಳೇ ಬರೆಯುತ್ತಾಳೆ. ಓದುವವರು ಅವಳನ್ನು ಮೆಚ್ಚಿಕೊಳ್ಳಲಿ ಎಂಬ ಆಸೆಯೇ ಆ ದಿನಚರಿಯಲ್ಲಿ ಕಾಣುವುದಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅವಳನ್ನು ಬಿಟ್ಟು ಏಳಲೂ ಆಗಲಿಲ್ಲ.

ಡಿಂಗ್ ಲಿಂಗ್ ತಾಯಿಯೂ ಸಾಮಾನ್ಯದವರಲ್ಲ. ಗಂಡ ಸತ್ತ ಮೇಲೆ ಕಟ್ಟಿದ ಪಾದದ ಪಟ್ಟಿ ಬಿಚ್ಚಿ, ಮೂವತ್ತು ದಾಟಿದ ವಯಸ್ಸಿನಲ್ಲಿ ಶಾಲೆಗೆ ಸೇರಿ, ಟೀಚರ್ ಆದವರು. ಮಗಳು ಅವರ ಬಗ್ಗೆ 'ತಾಯಿ' ಎಂಬ ಕಾದಂಬರಿಯನ್ನೇ ಶುರುಮಾಡಿದ್ದಳು. 1933ರಲ್ಲಿ ಸರಕಾರದ ಕಡೆಯವರು ಅವಳನ್ನು ಶಾಂಘೈಯಿಂದ ಹೊತ್ತೊಯ್ದದ್ದರಿಂದ ಅದು ಅರ್ಧಕ್ಕೇ ನಿಂತಿತು.

ಹಸಿವಿನ ಮಾತು ಬಂದರೆ ನನಗೆ ನೆನಪಾಗುವವಳು ಲೇಖಕಿ ಶಿಯಾವ್ ಹಾಂಗ್. 1911ರಲ್ಲಿ ಈಶಾನ್ಯದ ಹುಲಾನ್ ಊರಲ್ಲಿ ಹುಟ್ಟಿದವಳು. ಗೊತ್ತಾದ ಮದುವೆ ಬೇಡ ಎಂದು ಮನೆ ಬಿಟ್ಟವಳು. 1932ರಲ್ಲಿ ಹಾರ್ಬಿನ್‌ನ ಹೋಟೆಲಿನಲ್ಲಿ ತುಂಬು ಬಸುರಿ, ಜೊತೆಗಿದ್ದವನು ಬಿಟ್ಟು ಹೋಗಿದ್ದಾನೆ, ಬಾಡಿಗೆ ಬಾಕಿ ಬೆಳೆದಿದೆ. ಪತ್ರಿಕೆಯವರಿಗೆ ಒಂದು ಕಾಗದ ಬರೆದು ಬದುಕಿಕೊಂಡಳು. ಆಮೇಲಿನ ದಿನಗಳನ್ನು ಬರೆಯುತ್ತಾ ಅವಳು ಕೇಳುತ್ತಾಳೆ: ಮೇಜನ್ನು ತಿನ್ನಬಹುದಾ? ಹುಲ್ಲಿನ ಹಾಸಿಗೆ ತಿನ್ನಬಹುದಾ? ಬೆಳಗ್ಗೆ ಪಕ್ಕದ ಕೋಣೆಯ ಬಾಗಿಲಿಗೆ ಬ್ರೆಡ್ ತೂಗುಹಾಕಿ ಹೋಗುತ್ತಾರೆ. ಕದಿಯಲಾ ಎಂದು ಬಾಗಿಲು ತೆರೆಯುತ್ತಾಳೆ, ಮುಚ್ಚುತ್ತಾಳೆ. ಲು ಷುನ್ ಭಾಷಣದಲ್ಲಿ ಒಂದೇ ಮಾತಲ್ಲಿ ದಾಟಿಸಿದ ಮೂರನೆಯದು, ಉಪವಾಸ, ಇದೇ ಅಲ್ವಾ?

ಅದಕ್ಕೇ ಇರಬೇಕು, 'ಹುಲಾನ್ ನದಿಯ ಕಥೆಗಳು' ಬರೆಯುವಾಗ ಅವಳ ಕಣ್ಣಿಗೆ ಆ ಬಾಲವಧು ಅಷ್ಟು ಚೆನ್ನಾಗಿ ಕಂಡದ್ದು. 12 ವರ್ಷದ ಹುಡುಗಿ. ಉದ್ದ ಜಡೆ, ನಗುಮುಖ. ಅತ್ತೆಮನೆಗೆ ಬಂದ ಮೊದಲ ದಿನವೇ ಮೂರು ಬಟ್ಟಲು ಊಟ ಮಾಡಿದಳು, ನಾಚಿಕೆ ಇಲ್ಲ ಎಂದು ಊರು ಆಡಿಕೊಂಡಿತು. ದಾರಿಗೆ ತರಬೇಕೆಂದು ಅತ್ತೆ ಹೊಡೆದಳು. ಹುಡುಗಿ ಕಾಯಿಲೆ ಬಿದ್ದಳು. ಮಂತ್ರವಾದಿ ಬಂದರು, ಚೀಟಿ ಎತ್ತಿಸಿ ಭವಿಷ್ಯ ಹೇಳುವವನು ಬಂದ. ಕೊನೆಗೆ ಎಲ್ಲರ ಮುಂದೆ ಬಟ್ಟೆ ಬಿಚ್ಚಿ ಕುದಿಯುವ ನೀರಿನ ಹಂಡೆಗೆ ಇಳಿಸಿದರು. ಒಂದೇ ರಾತ್ರಿ ಮೂರು ಸಲ. ನೋಡಲು ಬಂದವರಿಗೆಲ್ಲ ಅಯ್ಯೋ ಪಾಪ ಎಂದೇ ಇತ್ತು, ಎಲ್ಲರೂ ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದರು. ಅತ್ತೆಯ ತಲೆಯಲ್ಲಿ ಮಾತ್ರ ಲೆಕ್ಕ ಓಡುತ್ತಿತ್ತು. ಒಂದು ಚೀಟಿಗೆ ಹತ್ತು ದಿಯಾವ್, ಅಂದರೆ ಹತ್ತು ಸರ ಕಾಸು, ಅಷ್ಟರಲ್ಲಿ ಎಷ್ಟು ತೋಫು ಬರುತ್ತಿತ್ತು! ಶಿಯಾವ್ ಹಾಂಗ್ ಆ ಅತ್ತೆಯನ್ನು ರಾಕ್ಷಸಿ ಮಾಡಲಿಲ್ಲ. ಅವಳ ಬಡತನವನ್ನೂ ಜಿಪುಣತನವನ್ನೂ ನಿಧಾನವಾಗಿ ಎಣಿಸಿ ತೋರಿಸುತ್ತಾಳೆ. ಓದಿ ಮುಗಿಸಿದ ಮೇಲೆ ನನಗೆ ಬೈಯಲು ಒಬ್ಬರೂ ಸಿಗಲಿಲ್ಲ. ಅದು ಇನ್ನೂ ಕಷ್ಟವಾಯಿತು. 1942ರ ಜನವರಿಯಲ್ಲಿ, ಯುದ್ಧದ ನಡುವೆ, ಹಾಂಗ್‌ಕಾಂಗ್‌ನಲ್ಲಿ ಅವಳು ತೀರಿಕೊಂಡಾಗ ವಯಸ್ಸು ಬರೀ 30.

ಹಾಗಾದರೆ ದುಡ್ಡು ಸಿಕ್ಕರೆ ಸಾಕಾ? ಲೇಖಕಿ ಜಾಂಗ್ ಐಲಿಂಗ್ ಅದಕ್ಕೂ ಒಪ್ಪುವುದಿಲ್ಲ. ಕೊರಳಹಲಗೆ ಎಂದರೆ ಹಿಂದೆ ಅಪರಾಧಿಯ ಕತ್ತಿಗೆ ಹಾಕುತ್ತಿದ್ದ ಭಾರದ ಹಲಗೆ. 1943ರ 'ಚಿನ್ನದ ಕೊರಳಹಲಗೆ'ಯ ಚಿಚಿಯಾವ್ ಎಳ್ಳೆಣ್ಣೆ ಅಂಗಡಿಯ ಹುಡುಗಿ. ಶ್ರೀಮಂತರ ಮನೆಯ ಕಾಯಿಲೆಯ ಮಗನಿಗೆ ಅವಳನ್ನು ಕೊಡುತ್ತಾರೆ. ಗಂಡ ಸತ್ತು ಪಾಲು ಕೈಗೆ ಬರುತ್ತದೆ, ಆದರೆ ಅಷ್ಟರಲ್ಲಿ ಅವಳಿಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ. ಆ ಚಿನ್ನದ ಹಲಗೆಯ ಅಂಚಿನಿಂದಲೇ ಮಗ, ಸೊಸೆ, ಮಗಳು ಎಲ್ಲರ ಬದುಕನ್ನೂ ಕಡಿಯುತ್ತಾಳೆ. ಕೊನೆಯಲ್ಲಿ ಅಫೀಮಿನ ಮಂಚದ ಮೇಲೆ ಮಲಗಿ ಕೈಯಲ್ಲಿದ್ದ ಹಸಿರು ಬಳೆಯನ್ನು ಮೇಲಕ್ಕೆ ತಳ್ಳುತ್ತಾಳೆ. ಒಣಗಿದ ತೋಳಿನ ಮೇಲೆ ಬಳೆ ಸರಿದು ಕಂಕುಳವರೆಗೂ ಹೋಗುತ್ತದೆ. ಹುಡುಗಿಯಾಗಿದ್ದಾಗ ಆ ತೋಳು ದುಂಡಗಿತ್ತು. ಲಾವ್‌ಶಿ ಈ ಸಾಲು ಓದುತ್ತಾ ತಮ್ಮ ಕೈಯ ಬಳೆಯನ್ನು ಸುಮ್ನೆ ಹಿಡಿದುಕೊಂಡಿದ್ದರು.

ನೋರಾ ಬಗ್ಗೆಯೂ ಜಾಂಗ್ ಐಲಿಂಗ್ ಒಂದು ಪ್ರಬಂಧ ಬರೆದಿದ್ದಾರೆ. ಅದರಲ್ಲಿ ತಮ್ಮದೇ ಒಂದು ನಾಟಕದ ಮಾತು ತೆಗೆಯುತ್ತಾರೆ. ಆ ನಾಟಕದಲ್ಲಿ ನೆಂಟರ ಮನೆಯಲ್ಲಿ ಜಗಳವಾಗಿ ಒಬ್ಬ 'ಹೋಗೋಣ!' ಎಂದು ಎದ್ದು ನಿಲ್ಲುತ್ತಾನೆ. 'ಎಲ್ಲಿಗೆ?' ಎಂದು ಹೆಂಡತಿ ಅಳುತ್ತಾಳೆ. 'ಮಹಡಿ ಮೇಲಕ್ಕೆ!' ಎನ್ನುತ್ತಾನೆ. ಊಟಕ್ಕೆ ಕರೆದರೆ ಅವರು ಇಳಿದು ಬರುತ್ತಾರೆ ಎಂದು ಸೇರಿಸಿದ್ದಾರೆ ಜಾಂಗ್.

ಮನೆ ಬಿಟ್ಟು ದೂರದ ಕ್ರಾಂತಿಯ ನೆಲಕ್ಕೇ ಹೋದವರ ಕಥೆಯನ್ನು ಡಿಂಗ್ ಲಿಂಗ್ ಬರೆದಳು. 1942ರ ಮಾರ್ಚ್ 9ರಂದು, ಕಮ್ಯುನಿಸ್ಟ್ ಪಕ್ಷದ ನೆಲೆಯಾಗಿದ್ದ ಯಾನ್‌ಆನ್‌ನ ಪತ್ರಿಕೆಯಲ್ಲಿ, ಹಿಂದಿನ ದಿನದ ಮಹಿಳಾ ದಿನದ ಬಗ್ಗೆ. ಅಲ್ಲಿ ಗಂಡು ಹೆಣ್ಣು ಸಮ ಎಂದು ಎಲ್ಲರೂ ಹೇಳುತ್ತಿದ್ದ ಊರದು. ಮದುವೆಯಾಗದಿದ್ದರೂ ಆಡಿಕೊಳ್ಳುತ್ತಾರೆ, ಆಗಿ ಮಗು ಸಾಕುತ್ತಾ ಕೂತರೆ 'ಮನೆಗೆ ಮರಳಿದ ನೋರಾ' ಎಂದು ಹಂಗಿಸುತ್ತಾರೆ, ಆಮೇಲೆ 'ನೀನು ಹಿಂದುಳಿದಿದ್ದೀಯ' ಎಂದು ಅದೇ ಕಾರಣಕ್ಕೆ ವಿಚ್ಛೇದನ ಕೊಡುತ್ತಾರೆ ಎಂದು ಬರೆದಳು. 'ನಾನೂ ಹೆಣ್ಣು. ಹೆಣ್ಣಿನ ತಪ್ಪುಗಳು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಆದರೆ ಅವಳ ನೋವು ಅದಕ್ಕಿಂತ ಚೆನ್ನಾಗಿ ಗೊತ್ತು' ಎಂದಳು. ಪಕ್ಷದೊಳಗೆ ಬೈಗುಳ ಬಿತ್ತು. 1957ರಲ್ಲಿ ಬಲಪಂಥೀಯಳು ಎಂಬ ಹಣೆಪಟ್ಟಿ ಹಚ್ಚಿದರು. ಮುಂದಿನ ವರ್ಷ ಈ ಲೇಖನವನ್ನೇ ಮತ್ತೆ ಅಚ್ಚು ಹಾಕಿ ಟೀಕಿಸಿದರು. ಉತ್ತರದ ಚಳಿ ಸೀಮೆಗೆ ಕಳಿಸಿದರು, ಅಲ್ಲಿ ಅವಳು ಕೋಳಿ ಸಾಕಿದಳು. ಆಮೇಲೆ 5 ವರ್ಷ ಜೈಲು. ಆ ಎರಡು ಪುಟದ ಲೇಖನವನ್ನು ನಾನು ಈಗಲೂ ವರ್ಷಕ್ಕೊಮ್ಮೆ ಓದುತ್ತೇನೆ.

ಇನ್ನೊಬ್ಬಳ ಬಗ್ಗೆ ಹೇಳದೆ ನನಗೆ ಮುಗಿಸಲು ಆಗುವುದಿಲ್ಲ. ಅವಳು ಏನೂ ಬರೆದವಳಲ್ಲ, ಅವಳಿಗೆ ಓದು ಬರಹವೇ ಬರುತ್ತಿರಲಿಲ್ಲ. ಲು ಷುನ್ ಅವರ ಹೆಂಡತಿ ಜು ಆನ್. ಶಾವೊಶಿಂಗ್‌ನವಳೇ. 1906ರಲ್ಲಿ ಲು ಷುನ್ ಅವರ ತಾಯಿ ಗೊತ್ತು ಮಾಡಿದ ಮದುವೆ. ಕಟ್ಟಿದ ಪಾದದ ಹುಡುಗಿ. ಲು ಷುನ್ ಅವಳ ಜೊತೆ ಸಂಸಾರ ಮಾಡಲಿಲ್ಲ, ಬಿಡಲೂ ಇಲ್ಲ. ಆ ನೋರಾ ಭಾಷಣ ಮಾಡಿದ ಸಂಜೆ ಬೀಜಿಂಗ್‌ನ ಮನೆಯಲ್ಲಿ ಇದ್ದವಳು ಅವಳೇ. 1927ರಿಂದ ಲು ಷುನ್ ಶಾಂಘೈಯಲ್ಲಿ ಷು ಗ್ವಾಂಗ್‌ಪಿಂಗ್ ಜೊತೆ ಬಾಳಿದರು. ಷು ಅದೇ ಕಾಲೇಜಿನಲ್ಲಿ ಅವರ ವಿದ್ಯಾರ್ಥಿನಿ ಆಗಿದ್ದವಳು. ಜು ಆನ್ ಅತ್ತೆಯ ಜೊತೆ ಬೀಜಿಂಗ್‌ನಲ್ಲೇ ಉಳಿದಳು.

ಲು ಷುನ್ 1936ರಲ್ಲಿ ತೀರಿಕೊಂಡರು. 1944ರಲ್ಲಿ ಯುದ್ಧ, ಬೆಲೆ ಏರಿಕೆ, ಕೈಯಲ್ಲಿ ಕಾಸಿಲ್ಲ. ಗಂಡನ ಪುಸ್ತಕಗಳನ್ನು ಮಾರಲು ಮನೆಯವರು ಹೊರಟರು. ಸುದ್ದಿ ಕೇಳಿ ಶಾಂಘೈಯಿಂದ ಇಬ್ಬರು ಓಡಿ ಬಂದರು. ಜು ಆನ್ ಊಟಕ್ಕೆ ಕೂತಿದ್ದಳು. ತಿಳಿ ಗಂಜಿ, ಉಪ್ಪಿನಲ್ಲಿಟ್ಟ ಮೂಲಂಗಿ ಚೂರು. ಪುಸ್ತಕ ಕಾಪಾಡಬೇಕು ಎಂದು ಅವರು ಹೇಳಿದಾಗ ಅವಳು ಹೇಳಿದಳು: 'ಲು ಷುನ್ ಬಿಟ್ಟುಹೋದದ್ದನ್ನು ಕಾಪಾಡಬೇಕು, ಕಾಪಾಡಬೇಕು ಅಂತೀರಿ. ನಾನೂ ಲು ಷುನ್ ಬಿಟ್ಟುಹೋದ ವಸ್ತುವೇ. ನನ್ನನ್ನೂ ಸ್ವಲ್ಪ ಕಾಪಾಡಿ!'

ಲಾವ್‌ಶಿ ಇದನ್ನು ನನಗೆ ಪುಸ್ತಕ ನೋಡಿ ಹೇಳಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಲು ಷುನ್ ಅವರ ಹಳೆಯ ಮನೆ ನೋಡಲು ಹೋಗಿದ್ದೆವು. ಅಲ್ಲಿ ಗೋಡೆ ಪಕ್ಕ ನಿಂತು ಮೆಲ್ಲಗೆ ಹೇಳಿದರು. ಅವರ ಕಣ್ಣು ತುಂಬಿತ್ತು. 'ಆಮೇಲೆ ಏನಾಯಿತು?' ಎಂದು ಕೇಳಿದೆ. ಪುಸ್ತಕ ಮಾರಲಿಲ್ಲ ಎಂದರು. ಲು ಷುನ್ ಹೋದ ಮೇಲೆ ಶಾಂಘೈಯಿಂದ ಜು ಆನ್‌ಗೆ ದುಡ್ಡು ಕಳಿಸುತ್ತಿದ್ದವಳು ಷು ಗ್ವಾಂಗ್‌ಪಿಂಗ್. ಯುದ್ಧದಲ್ಲಿ ನಿಂತು ಹೋದದ್ದನ್ನು ಮತ್ತೆ ಶುರುಮಾಡಿದಳು. 1947ರಲ್ಲಿ ಜು ಆನ್ ಕಣ್ಣು ಮುಚ್ಚುವವರೆಗೂ ಕಳಿಸಿದಳು. ಬಂದದ್ದಕ್ಕೆ ಜು ಆನ್ ಬೇರೆಯವರ ಕೈಯಲ್ಲಿ ಉತ್ತರ ಬರೆಸುತ್ತಿದ್ದಳು: ದುಡ್ಡು ತಲುಪಿತು, ನೀನು ಹೇಗಿದ್ದೀಯ, ಮಗು ಹೇಗಿದೆ.